ಮುಧೋಳವೋ, ಪಾಯಿಂಟರೋ, ಊರ ಮರಿಯೋ? ತೋಟಕ್ಕೆ ಬೇಟೆನಾಯಿ ತರುವ ಮುಂಚೆ

ಕಳೆದ ತಿಂಗಳು ಶಿರಾದಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ತೋಟಕ್ಕೆ ಒಂದು ಬೇಟೆನಾಯಿ ಮರಿ ತರೋಣ ಅಂತಿದ್ದೀನಿ. ಮುಧೋಳ ತರ್ಲಾ, ಜರ್ಮನ್ ಪಾಯಿಂಟರ್ ತರ್ಲಾ?" ಅವನೊಬ್ಬನೇ ಅಲ್ಲ. ಗೌರಿಬಿದನೂರಿನ ಗೆಳೆಯರೊಬ್ಬರಿಗೆ ಲ್ಯಾಬ್ರಡಾರ್ ಮೇಲೆ ಕಣ್ಣು. ಕೋಲಾರದ ಕಡೆ ಟೊಮೆಟೊ ಬೆಳೆಯುವ ಇನ್ನೊಬ್ಬರಿಗೆ ರಾಜಪಾಳ್ಯಂ ಬೇಕಂತೆ. ಎಲ್ಲರೂ ಜಾತಿ ಹೆಸರು ಹೇಳುತ್ತಾರೆ. ಆ ನಾಯಿ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನಾನು ಮಧುಗಿರಿ ಕಡೆಯವನು. ಒಂದಿಷ್ಟು ಅಡಿಕೆ, ಉಳಿದದ್ದು ಕಡಲೆಕಾಯಿ ಹೊಲ. ಹದಿನೆಂಟು ವರ್ಷದಿಂದ ನಾಯಿ ಸಾಕುತ್ತಿದ್ದೇನೆ. ಈಗ ಮನೆಯಲ್ಲಿ ಇಬ್ಬರಿದ್ದಾರೆ: ಚುಕ್ಕಿ ಅಂತ ಒಂದು ಹೆಣ್ಣು ಮುಧೋಳ, ಕರಿಯ ಅಂತ ಒಂದು ಊರ ನಾಯಿ. ನಾನು ವೈದ್ಯನಲ್ಲ, ಮರಿ ಮಾರುವವನೂ ಅಲ್ಲ. ತಪ್ಪು ಮಾಡಿ ಕಲಿತವನು ಅಷ್ಟೇ.

ಮೊದಲೇ ಒಂದು ಮಾತು. ಬೇಟೆನಾಯಿ ತರಬಹುದು, ಬೇಟೆ ಮಾಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ನಾಯಿ ಬಿಟ್ಟು ಅಟ್ಟಿಸುವುದು, ಓಡಿಸಿ ಹಿಡಿಯುವುದು, ಹಿಡಿಯಲು ಪ್ರಯತ್ನ ಪಡುವುದು, ಎಲ್ಲವೂ ಅದರಲ್ಲೇ ಬರುತ್ತದೆ. ಮೊಲ, ಕೌಜುಗ, ನವಿಲು, ಯಾವುದಕ್ಕೂ ವಿನಾಯಿತಿ ಇಲ್ಲ. ನಮ್ಮ ತಾಲ್ಲೂಕಿನ ಮೈದೇನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ. ಜಿಂಕೆಗಳು ಬೇಲಿ ನೋಡಿಕೊಂಡು ಮೇಯುವುದಿಲ್ಲ, ಸುತ್ತಲ ಹೊಲಗಳಿಗೂ ಬರುತ್ತವೆ. ಅಂಥ ಕಡೆ ಹಗ್ಗ ಬಿಚ್ಚಿದ ಮುಧೋಳ ಒಂದು ಜಿಂಕೆ ಹಿಂದೆ ಬಿದ್ದರೆ ಮಾಲೀಕನೇ ಉತ್ತರ ಹೇಳಬೇಕಾಗುತ್ತದೆ. ಹಾಗಾದರೆ ಬೇಟೆನಾಯಿ ಯಾಕೆ? ಹುಡುಕುವುದು, ಜಾಡು ಹಿಡಿಯುವುದು, ಎಸೆದದ್ದನ್ನು ತರುವುದು, ತೋಟದ ಬೇಲಿ ಸುತ್ತುವುದು, ನಮ್ಮ ಜೊತೆ ಹತ್ತು ಕಿಲೋಮೀಟರ್ ನಡೆಯುವುದು, ಇವೆಲ್ಲ ಅದರ ರಕ್ತದಲ್ಲೇ ಇರುತ್ತವೆ. ಆ ಕೆಲಸ ಕೊಟ್ಟರೆ ನಾಯಿ ಸುಖವಾಗಿರುತ್ತದೆ. ಕೊಡದೆ ಕಟ್ಟಿಹಾಕಿದರೆ ಮನೆಯವರಿಗೆ ನೆಮ್ಮದಿ ಇರುವುದಿಲ್ಲ.

ಅಳತೆಗೋಲು ಯಾವುದು?

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಾಯಿ ಕಣ್ಣಿಂದ ಕೆಲಸ ಮಾಡುತ್ತದೋ, ಮೂಗಿಂದ ಮಾಡುತ್ತದೋ ಅನ್ನುವುದು. ಮುಧೋಳ, ರಾಜಪಾಳ್ಯಂ, ಚಿಪ್ಪಿಪಾರೈ ಕಣ್ಣಿನ ನಾಯಿಗಳು. ದೂರದಲ್ಲಿ ಏನೋ ಅಲ್ಲಾಡಿದರೆ ಸಾಕು, ಕಾಲು ಹೊರಟುಬಿಡುತ್ತದೆ. ಆಮೇಲೆ ಕಿವಿ ಕೇಳಿಸುವುದಿಲ್ಲ. ಬೀಗಲ್ ಶುದ್ಧ ಮೂಗಿನ ನಾಯಿ. ಪಾಯಿಂಟರ್, ಲ್ಯಾಬ್ರಡಾರ್ ಕೂಡ ಮೂಗಿನವೇ, ಆದರೆ ಆಗಾಗ ತಿರುಗಿ ಮನುಷ್ಯನ ಮುಖ ನೋಡುವ ಬುದ್ಧಿ ಅವಕ್ಕೆ ಜಾಸ್ತಿ. ಈ ವ್ಯತ್ಯಾಸ ಗೊತ್ತಿಲ್ಲದೆ ಮರಿ ತಂದವರೇ ಆಮೇಲೆ "ನಮ್ಮ ನಾಯಿ ಮಾತು ಕೇಳಲ್ಲ" ಅಂತ ಗೋಳಾಡುವುದು.

ಎರಡನೆಯದು ಜಾಗ. ಎಕರೆ ಎಷ್ಟಿದೆ ಅನ್ನುವುದಕ್ಕಿಂತ ಬೇಲಿ ಹೇಗಿದೆ, ಪಕ್ಕದ ಹೊಲದಲ್ಲಿ ಮೇಕೆ ಇದೆಯಾ, ರಸ್ತೆ ಎಷ್ಟು ದೂರ ಅನ್ನುವುದು ಮುಖ್ಯ. ಮೂರನೆಯದು ಸಮಯ. ಬೆಳಿಗ್ಗೆ ಐದೂವರೆಗೆ ಎದ್ದು ನಾಯಿ ಜೊತೆ ಹೋಗುವವರು ಮನೆಯಲ್ಲಿ ಯಾರು? "ಎಲ್ಲರೂ ನೋಡ್ಕೋತೀವಿ" ಅಂದರೆ ಯಾರೂ ನೋಡುವುದಿಲ್ಲ ಅಂತ ಅರ್ಥ. ನಾಲ್ಕನೆಯದು ಬಿಸಿಲು. ಶಿರಾ, ಪಾವಗಡದ ಏಪ್ರಿಲ್ ಬಿಸಿಲಲ್ಲಿ ದಪ್ಪ ಕೂದಲ ನಾಯಿಗೆ ಎಂಥ ಪಾಡು ಅಂತ ನೀವೇ ಯೋಚಿಸಿ. ಕೊನೆಯದು ದುಡ್ಡು. ಮರಿಯ ಬೆಲೆ ಒಂದೇ ಸಲದ್ದು. ಊಟ, ಲಸಿಕೆ, ರಕ್ತ ಹೀರುವ ಉಣ್ಣೆಹುಳದ ಔಷಧಿ ಹತ್ತು ಹನ್ನೆರಡು ವರ್ಷದ್ದು.

ಮುಧೋಳ

ನಮ್ಮ ರಾಜ್ಯದ್ದೇ ತಳಿ, ಅಭಿಮಾನ ಇರಲೇಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ನಾಯಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ಸೇನೆಯವರು ಮೀರತ್‌ನ ತಮ್ಮ ಕೇಂದ್ರಕ್ಕೆ ಮರಿಗಳನ್ನು ಒಯ್ದು ತರಬೇತಿ ಕೊಟ್ಟರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ಶ್ವಾನ ಸಂಶೋಧನಾ ಕೇಂದ್ರ ಇದೆ. ಶುದ್ಧ ಮರಿ ಬೇಕೆಂದರೆ ಮೊದಲು ಅಲ್ಲಿ ವಿಚಾರಿಸಿ. ದೂರ ಅಂತ ಸೋಮಾರಿತನ ಮಾಡಬೇಡಿ. ನಮ್ಮ ಸಂತೆಗಳಲ್ಲಿ "ಒರಿಜಿನಲ್ ಮುಧೋಳ" ಅಂತ ಸಿಗುವ ಎಷ್ಟೋ ಮರಿಗಳು ಬರೀ ಬಡಕಲು ಮರಿಗಳು.

ಬಿಸಿಲು ತಡೆಯುತ್ತದೆ. ಕೂದಲು ಗಿಡ್ಡ, ಉಣ್ಣೆ ಹುಡುಕುವುದು ಸುಲಭ. ಊಟ ಮಿತ. ನಮ್ಮ ಚುಕ್ಕಿಗೆ ಅನ್ನ, ರಾಗಿ, ಮೊಟ್ಟೆ, ಅಂಗಡಿಯಿಂದ ತರುವ ಕೋಳಿ ತಲೆ ಕಾಲು ಎಲ್ಲಾ ಸೇರಿ ತಿಂಗಳಿಗೆ 2,500 ರೂಪಾಯಿ ದಾಟುವುದಿಲ್ಲ. ಪಕ್ಕೆಲುಬು ಕಾಣುವುದು ಅದರ ಮೈಕಟ್ಟು. ನೆಂಟರು ಬಂದಾಗಲೆಲ್ಲ "ಊಟ ಹಾಕಲ್ವಾ?" ಅಂತ ಕೇಳುತ್ತಾರೆ, ಸುಮ್ನೆ ನಕ್ಕುಬಿಡಿ. ಒಂದು ವಿಷಯ ಮಾತ್ರ ನೆನಪಿಡಿ: ಈ ಜಾತಿಯ ತೆಳು ಮೈಯ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದು ಒಗ್ಗುವುದಿಲ್ಲ. ಆಪರೇಷನ್ ಇದ್ದರೆ ಡಾಕ್ಟರಿಗೆ ತಳಿ ಯಾವುದು ಅಂತ ಮೊದಲೇ ಹೇಳಬೇಕು.

ಕಷ್ಟ ಎಲ್ಲಿ ಅಂದರೆ ಓಟದಲ್ಲಿ. ಚುಕ್ಕಿಗೆ ಹತ್ತು ತಿಂಗಳಿದ್ದಾಗ ಒಂದು ಸಂಜೆ ಬದುವಿನ ಮೇಲೆ ನಡೆಸಿಕೊಂಡು ಹೋಗುತ್ತಿದ್ದೆ. ಪಕ್ಕದ ಹೊಲದಲ್ಲಿ ಒಂದು ಮೇಕೆಮರಿ ಟಣ್ಣನೆ ನೆಗೆಯಿತು. ಹಗ್ಗ ಕೈಯಿಂದ ಜಾರಿದ್ದು ಅಂಗೈ ಉರಿದಾಗಲೇ ಗೊತ್ತಾಗಿದ್ದು. "ಏಯ್" ಅನ್ನುವಷ್ಟರಲ್ಲಿ ಎರಡು ಹೊಲ ದಾಟಿದ್ದಳು. ಸೀಟಿ ಊದಿದೆ, ಹೆಸರು ಕೂಗಿದೆ, ಬೈದೆ. ಏದುಸಿರು ಬಿಡುತ್ತಾ ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಮರಿ ಬಿದ್ದಿತ್ತು, ಚುಕ್ಕಿ ಅದರ ಪಕ್ಕ ನಿಂತು ಬಾಲ ಅಲ್ಲಾಡಿಸುತ್ತಾ ನನ್ನ ಮುಖ ನೋಡುತ್ತಿದ್ದಳು, ಭೇಷ್ ಅನ್ನಲಿ ಅಂತ. 4,500 ರೂಪಾಯಿ ಕೊಟ್ಟೆ. ದುಡ್ಡಿನ ಕತೆ ಅಲ್ಲಿಗೆ ಮುಗಿಯಿತು. ಆ ಮನೆಯ ಅಕ್ಕ ಎರಡು ತಿಂಗಳು ನಮ್ಮ ಮನೆಯವಳ ಜೊತೆ ಮಾತಾಡಲಿಲ್ಲ. ತಪ್ಪು ನಾಯಿಯದ್ದಲ್ಲ. ಮೇಕೆ ಜೊತೆ ಪಳಗಿಸಬೇಕಾದ ವಯಸ್ಸಿನಲ್ಲಿ ನಾನು ಅದನ್ನು ಹಟ್ಟಿಯಲ್ಲಿ ಕಟ್ಟಿಹಾಕಿದ್ದೆ.

ಹಾಗಾಗಿ ಸುತ್ತ ಬೇಲಿ ಇದ್ದು, ದಿನಕ್ಕೆ ಎರಡು ಸಲ ಜೋರಾಗಿ ಓಡಿಸುವ ಜಾಗ ಇದ್ದು, ಉಳಿದ ಹೊತ್ತು ತಣ್ಣಗೆ ಮಲಗುವ ನಾಯಿ ಬೇಕಾದವರಿಗೆ ಮುಧೋಳ ಸರಿ. ಎಸೆದದ್ದನ್ನು ತರಲಿ, ಕೆರೆಗೆ ಇಳಿಯಲಿ, ಹೇಳಿದ ಮಾತಿಗೆಲ್ಲ ಕುಣಿಯಲಿ ಅನ್ನುವವರಿಗೆ ಅಲ್ಲ.

ರಾಜಪಾಳ್ಯಂ, ಚಿಪ್ಪಿಪಾರೈ ತಮಿಳುನಾಡಿನವು. ಸ್ವಭಾವ ಹೆಚ್ಚುಕಡಿಮೆ ಮೇಲೆ ಹೇಳಿದ್ದೇ. ರಾಜಪಾಳ್ಯಂ ಕಾವಲಿಗೆ ಇನ್ನೂ ಚುರುಕು, ಹೊರಗಿನವರನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ದಿನಾ ಹತ್ತು ಜನ ಕೂಲಿಯವರು ಬಂದುಹೋಗುವ ಟೊಮೆಟೊ ತೋಟಕ್ಕೆ ನಾನಂತೂ ಬೇಡ ಅನ್ನುತ್ತೇನೆ. ಬಿಳಿ ತಳಿಯಾದ್ದರಿಂದ ಕೆಲವು ಮರಿ ಹುಟ್ಟುಕಿವುಡಾಗಿರುತ್ತವೆ. ಕೊಳ್ಳುವಾಗ ಮರಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ.

ಜರ್ಮನ್ ಪಾಯಿಂಟರ್

ಅಕ್ಕನ ಮಗನ ಆಸೆ ಇದೇ. ಗಿಡ್ಡ ಕೂದಲಿನ ಈ ತಳಿಯನ್ನು ಜರ್ಮನಿಯವರು ಹತ್ತೊಂಬತ್ತನೇ ಶತಮಾನದಲ್ಲಿ ಬೆಳೆಸಿದ್ದು ಒಂದು ಲೆಕ್ಕಾಚಾರದಿಂದ. ಹಕ್ಕಿ ಎಲ್ಲಿ ಅಡಗಿದೆ ಅಂತ ತೋರಿಸಲು ಒಂದು ನಾಯಿ, ನೀರಿಂದ ತರಲು ಇನ್ನೊಂದು, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯಲು ಮತ್ತೊಂದು, ಇಷ್ಟನ್ನು ಯಾರು ಸಾಕುತ್ತಾರೆ? ಎಲ್ಲವನ್ನೂ ಒಂದೇ ನಾಯಿ ಮಾಡಲಿ ಅಂತ. ಉತ್ತರ ಅಮೆರಿಕದಲ್ಲಿ ಇಂಥ ಬಹುಕೆಲಸದ ನಾಯಿಗಳಿಗೆ ಅಂತಲೇ 1969ರಲ್ಲಿ ಒಂದು ಸಂಘ ಹುಟ್ಟಿತು. ಹದಿನಾರು ತಿಂಗಳೊಳಗಿನ ಮರಿಗಳಿಗೆ ಅವರು ಇಡುವ ಪರೀಕ್ಷೆಯಲ್ಲಿ ನೋಡುವುದು ಮೂಗು, ಹುಡುಕಾಟ, ನೀರಿಗಿಳಿಯುವ ಧೈರ್ಯ, ಹಕ್ಕಿಯ ಮುಂದೆ ನಿಲ್ಲುವುದು, ಜಾಡು, ಕೆಲಸದ ಹುಮ್ಮಸ್ಸು, ಮನುಷ್ಯನ ಜೊತೆ ಹೊಂದಿಕೊಳ್ಳುವುದು. ಈ ಏಳನ್ನು ಮರಿ ಆರಿಸುವಾಗ ನಾವೂ ನೆನಪಿಟ್ಟುಕೊಳ್ಳಬಹುದು. ಬಂದೂಕು ಇರಬೇಕು ಅಂತೇನಿಲ್ಲ.

ಚಿಕ್ಕಬಳ್ಳಾಪುರದ ಹತ್ತಿರ ದ್ರಾಕ್ಷಿ ತೋಟ ಇರುವ ಗೆಳೆಯನ ಹತ್ತಿರ ಒಂದು ಗಂಡು ಇದೆ. ಮೊದಲ ಸಲ ನೋಡಿದಾಗ ಅದು ಬೇಲಿಬದಿಯ ಲಾಂಟಾನ ಪೊದೆ ಮುಂದೆ ನಿಂತಿತ್ತು. ಮುಂಗಾಲೊಂದು ಮೇಲೆತ್ತಿ, ಬಾಲ ನೆಟ್ಟಗೆ, ಮೈ ಕಲ್ಲಿನ ಹಾಗೆ. ಅಲ್ಲಾಡುತ್ತಿದ್ದದ್ದು ಮೂಗಿನ ಹೊಳ್ಳೆ ಮಾತ್ರ. ಒಂದು ನಿಮಿಷ ಆದ ಮೇಲೆ ಒಳಗಿಂದ ಕೌಜುಗದ ಜೋಡಿ ಬುರ್ರನೆ ಹಾರಿತು. ನಾಯಿ ಅಟ್ಟಲಿಲ್ಲ, ತಿರುಗಿ ಗೆಳೆಯನನ್ನು ನೋಡಿತು. ಆ ಕ್ಷಣಕ್ಕೆ ನನಗೂ ಒಂದು ತರಬೇಕು ಅನಿಸಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವನ ಹೆಂಡತಿ ಉಳಿದ ಕತೆ ಹೇಳಿದರು. ಮೊದಲ ವರ್ಷ ನಾಯಿ ಡ್ರಿಪ್ ಪೈಪನ್ನು ಸಾಲುಗಟ್ಟಲೆ ಕಡಿದುಹಾಕಿದೆ. ಎರಡು ಜೊತೆ ಗಂಬೂಟು, ಒಂದು ಸ್ಕೂಟರ್ ಸೀಟು ಹೋಗಿದೆ. ದಿನಕ್ಕೆ ಎರಡು ಗಂಟೆ ಓಡಿಸದಿದ್ದರೆ ಮನೆ ತಲೆಕೆಳಗು. ಜೊತೆಗೆ ದ್ರಾಕ್ಷಿಯ ಭಯ ಬೇರೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಹುದು, ಎಷ್ಟು ತಿಂದರೆ ಅಪಾಯ ಅಂತ ಲೆಕ್ಕ ಹಾಕಲು ಬರುವುದಿಲ್ಲ. ಹಾಗಾಗಿ ಕೊಯ್ಲಿನ ದಿನಗಳಲ್ಲಿ ಅದಕ್ಕೆ ತೋಟ ಬಂದ್. ನಂದಿ ಬೆಟ್ಟದ ಸುತ್ತಮುತ್ತ ನಾಯಿ ಸಾಕುವವರೆಲ್ಲ ಇದನ್ನು ಬರೆದಿಟ್ಟುಕೊಳ್ಳಿ.

ಮರಿ ದುಬಾರಿ, ಊಟ ಮುಧೋಳಕ್ಕಿಂತ ಜಾಸ್ತಿ. ಆದರೆ ಕಲಿಯುವ ಬುದ್ಧಿಗೆ ಸಾಟಿ ಇಲ್ಲ. ದಿನಾ ತೋಟ ಸುತ್ತುವವರು, ಬೆಳಿಗ್ಗೆ ಓಡುವವರು, ನಾಯಿಗೆ ಕಲಿಸುವುದೇ ಖುಷಿ ಅನ್ನುವವರು ತರಬಹುದು. ವಾರಕ್ಕೊಮ್ಮೆ ಬೆಂಗಳೂರಿಂದ ಬಂದು ತೋಟ ನೋಡುವವರು ದಯವಿಟ್ಟು ತರಬೇಡಿ.

ಲ್ಯಾಬ್ರಡಾರ್, ಬೀಗಲ್

ಲ್ಯಾಬ್ರಡಾರ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ತರುವುದು, ನೀರಿಗೆ ಬೀಳುವುದು, ಮಕ್ಕಳ ಜೊತೆ ಆಡುವುದು, ಈ ಮೂರರಲ್ಲೂ ಎತ್ತಿದ ಕೈ. ಮೊದಲ ಸಲ ನಾಯಿ ಸಾಕುವವರಿಗೆ ಇದರಷ್ಟು ಸುಲಭದ್ದು ಕಡಿಮೆ. ಆದರೆ ಹೊಟ್ಟೆಬಾಕ. ಕೊಟ್ಟಷ್ಟೂ ತಿಂದು ಊದಿಕೊಳ್ಳುತ್ತದೆ, ಸೊಂಟದ ಕೀಲಿನ ತೊಂದರೆ ತಳಿಯಲ್ಲೇ ಇದೆ. ದಪ್ಪ ಕೂದಲು, ಮಧ್ಯಾಹ್ನದ ಹೊತ್ತು ನಿಮ್ಮ ತೋಟದಲ್ಲಿ ಕೆಲಸ ಮಾಡುವುದಿಲ್ಲ, ಪಂಪ್‌ಹೌಸ್ ನೆರಳಲ್ಲಿ ನಾಲಗೆ ಹೊರಹಾಕಿ ಮಲಗುತ್ತದೆ. ಗೌರಿಬಿದನೂರಿನ ಗೆಳೆಯರಿಗೆ ಮಕ್ಕಳು ಚಿಕ್ಕವರು, ಮನೆ ಊರೊಳಗೇ ಇದೆ. ಅವರಿಗೆ ಇದೇ ತನ್ನಿ ಅಂದೆ.

ಬೀಗಲ್ ನೋಡಲು ಮುದ್ದು. ಆದರೆ ಮೂಗು ನೆಲಕ್ಕೆ ತಾಗಿದರೆ ಪ್ರಪಂಚ ಮರೆತುಬಿಡುತ್ತದೆ, ಕೂಗಿದರೆ ಮೂರು ಮನೆಗೆ ಕೇಳಿಸುತ್ತದೆ. ಅಕ್ಕಪಕ್ಕದವರು ಒಳ್ಳೆಯವರಾಗಿದ್ದರೆ ಸರಿ.

ಊರ ಮರಿ

ಕರಿಯ ನಮ್ಮ ಮನೆಗೆ ಬಂದಿದ್ದು ರಾಗಿ ಹುಲ್ಲಿನ ಬಣವೆಯಿಂದ. ತಾಯಿ ಅಲ್ಲೇ ಮರಿ ಹಾಕಿತ್ತು. ಖರ್ಚು ಸೊನ್ನೆ. ಬಿಸಿಲಿಗೆ, ಮಳೆಗೆ, ರಾಗಿ ಮುದ್ದೆಗೆ ಹುಟ್ಟಿನಿಂದಲೇ ಒಗ್ಗಿದ ಮೈ. ಬರೀ ಮುದ್ದೆ ಮಜ್ಜಿಗೆ ಸಾಲದು, ಮೊಟ್ಟೆ ಮಾಂಸ ಬೇಕೇ ಬೇಕು, ಅದು ಬೇರೆ ಮಾತು. ಅವನು ಹಕ್ಕಿ ಮುಂದೆ ಕಲ್ಲಾಗಿ ನಿಲ್ಲುವುದಿಲ್ಲ, ಚುಕ್ಕಿಯಷ್ಟು ಓಡುವುದೂ ಇಲ್ಲ. ಆದರೆ ಎಲ್ಲದರಲ್ಲೂ ನೂರಕ್ಕೆ ಅರವತ್ತು. ಕಡಲೆಕಾಯಿ ಹೊಲಕ್ಕೆ ಹಂದಿ ಬಂದರೆ ದೂರದಿಂದಲೇ ಬೊಗಳಿ ನಮ್ಮನ್ನು ಎಬ್ಬಿಸುತ್ತಾನೆ, ಹತ್ತಿರ ಹೋಗುವುದಿಲ್ಲ. ಅದೇ ಜಾಣತನ.

ಹಂದಿ ಮೇಲೆ ನಾಯಿ ಬಿಡುವ ಹುಚ್ಚು ಕೆಲವರಿಗಿದೆ. ಮದ್ದೂರಿನ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಶಾಸನದಲ್ಲಿ ಕಾಳಿ ಅನ್ನುವ ನಾಯಿ ದೊಡ್ಡ ಹಂದಿಯ ಜೊತೆ ಹೋರಾಡಿ, ಎರಡೂ ಸತ್ತ ಕತೆ ಇದೆ. ರಾಜರಿಂದ ಕೇಳಿ ಪಡೆದ ನಾಯಿಗೇ ಆ ಗತಿ. ಈಗ ಅದು ಕಾನೂನಿಗೂ ವಿರುದ್ಧ, ಜೊತೆಗೆ ಹಂದಿಗೆ ಅಂತ ಇಟ್ಟ ಉರುಳು, ಸಿಡಿಮದ್ದು, ಕರೆಂಟು ಬಿಟ್ಟ ತಂತಿ ಬೇರೆ. ರಾತ್ರಿ ನಾಯಿ ಬೇಲಿಯೊಳಗೇ ಇರಲಿ. ದೇವರಾಯನದುರ್ಗ, ಗುಬ್ಬಿ, ಕುಣಿಗಲ್ ಕಡೆಯವರಿಗೆ ನಾನು ಹೇಳಬೇಕಿಲ್ಲ, ಹೊರಗೆ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಗೆ ಎಲೆ ಹಾಕಿ ಬಡಿಸಿದ ಹಾಗೆ. ಯಾವ ಜಾತಿಯಾದರೂ ಬಾಗಿಲಿರುವ ಗೂಡು ಬೇಕು.

ನನ್ನನ್ನು ಕೇಳಿದರೆ, ದುಡ್ಡು ಕಡಿಮೆ ಇರುವವರಿಗೆ, ಬೇಲಿ ಇಲ್ಲದವರಿಗೆ, ದಿನಕ್ಕೆ ಒಂದು ಗಂಟೆಯೂ ಸಿಗದವರಿಗೆ ಊರ ಮರಿಯೇ ಮೊದಲ ಆಯ್ಕೆ. ಜಾತಿ ನಾಯಿಯ ಮೋಹದಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮೊದಲ ವರ್ಷ

ಯಾವ ಮರಿ ತಂದರೂ ಎಂಟು ವಾರ ತುಂಬದೆ ತರಬೇಡಿ. 2017ರ ನಿಯಮದ ಪ್ರಕಾರ ಅದಕ್ಕಿಂತ ಚಿಕ್ಕ ಮರಿ ಮಾರುವ ಹಾಗೇ ಇಲ್ಲ. ನನ್ನ ಮೊದಲ ಮರಿ ಮೂವತ್ತೈದು ದಿನದ್ದು, ಮಾರಿದವರು "ಲಸಿಕೆ ಎಲ್ಲಾ ಆಗಿದೆ" ಅಂದಿದ್ದರು. ಒಂಬತ್ತನೇ ದಿನ ರಕ್ತಭೇದಿ ಶುರುವಾಯಿತು. ಪಾರ್ವೊ ಅನ್ನುವ ವೈರಸ್ ರೋಗ. ಮೂರು ದಿನ ಗೋಣಿಚೀಲದ ಮೇಲೆ ಮಲಗಿ ನಮ್ಮ ಮುಖ ನೋಡುತ್ತಲೇ ಹೋಯಿತು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು. ಕಾರ್ಡಿನ ಮೇಲೆ ಬಾಟಲಿಯ ಸ್ಟಿಕರ್, ಡಾಕ್ಟರ ಸಹಿ ಇಲ್ಲದಿದ್ದರೆ ಆಗಿಲ್ಲ ಅಂತಲೇ ತಿಳಿಯಿರಿ. ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆ ನಾಯಿಗಳನ್ನು ತಿನ್ನುವ ಇನ್ನೊಂದು ಪಿಡುಗು. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕೈಯಾಡಿಸಿ ನೋಡಿ.

ಕಲಿಸುವುದರಲ್ಲಿ ಮೊದಲನೆಯದು ಕರೆದರೆ ಬರುವುದು. ಬೇರೆಲ್ಲಾ ಆಮೇಲೆ. "ಬಾ" ಅಂದು ಒಂದು ತುಂಡು ಬೇಯಿಸಿದ ಕೋಳಿ, ದಿನಕ್ಕೆ ಇಪ್ಪತ್ತು ಮೂವತ್ತು ಸಲ, ಸೀಟಿಯ ಜೊತೆ. ಬೈಯಲು ಯಾವತ್ತೂ ಕರೆಯಬೇಡಿ. ಬಂದ ಮೇಲೆ ಹೊಡೆತ ಅಂತ ಗೊತ್ತಾದರೆ ಯಾರು ಬರುತ್ತಾರೆ? ಹೊಲದಲ್ಲಿ ಮೂವತ್ತು ಅಡಿ ನೈಲಾನ್ ಹಗ್ಗ ಕಟ್ಟಿ ಬಿಡಿ, ಬಾವಿ ಸೇದುವ ಹಗ್ಗವೇ ಸಾಕು. ಲ್ಯಾಬ್ರಡಾರ್ ನಾಲ್ಕು ತಿಂಗಳಿಗೆ ಇದನ್ನು ಕಲಿತರೆ ಪಾಯಿಂಟರ್ ಐದಕ್ಕೆ ಕಲಿಯಬಹುದು, ಮುಧೋಳಕ್ಕೆ ಒಂದೂವರೆ ವರ್ಷ ಹಗ್ಗ ಬಿಚ್ಚಬೇಡಿ.

ಮೂರರಿಂದ ಹದಿನಾಲ್ಕು ವಾರದ ಒಳಗೆ ನೋಡಿದ್ದು, ಕೇಳಿದ್ದು ನಾಯಿಗೆ ಜೀವಮಾನವಿಡೀ ಸಹಜ. ಆಟೊ, ಟ್ರ್ಯಾಕ್ಟರ್, ತಮಟೆ, ಕೋಳಿ, ಮುಖ್ಯವಾಗಿ ಮೇಕೆ. ಲಸಿಕೆ ಮುಗಿಯುವವರೆಗೆ ಬೀದಿಯಲ್ಲಿ ಇಳಿಸದೆ ಎತ್ತಿಕೊಂಡೇ ತೋರಿಸಿ. ಪಟಾಕಿ ಸದ್ದಿಗೆ ಹೆದರದಿರಲು ಊಟದ ಹೊತ್ತಿಗೆ ದೂರದಲ್ಲಿ ತಟ್ಟೆ ಬಡಿಯುವುದರಿಂದ ಶುರುಮಾಡಿ, ದಿನದಿನಕ್ಕೆ ಹತ್ತಿರ ಬನ್ನಿ. ದೀಪಾವಳಿ ದಿನವೇ ಕಲಿಸುತ್ತೇನೆ ಅಂದರೆ ನಾಯಿ ಮಂಚದ ಕೆಳಗೆ ಸೇರುತ್ತದೆ. ತರುವುದು ಕಲಿಸಲು ಹಳೆ ಕಾಲುಚೀಲಕ್ಕೆ ತೆಂಗಿನ ನಾರು ತುಂಬಿ, ಮೇಲೆ ನಾಲ್ಕು ಕೋಳಿಗರಿ ಕಟ್ಟಿ ಎಸೆಯಿರಿ. ಮೂರು ಸಲ ತಂದರೆ ನಿಲ್ಲಿಸಿ, ಬೇಜಾರಾಗುವವರೆಗೆ ಆಡಿಸಬೇಡಿ. ವರ್ಷ ತುಂಬುವ ಮುಂಚೆ ಬೈಕ್ ಹಿಂದೆ ಓಡಿಸುವುದು, ಎತ್ತರ ಹಾರಿಸುವುದು ಬೇಡ, ಎಲುಬು ಇನ್ನೂ ಎಳೆಯದು. ಊಟ ಆದ ತಕ್ಷಣ ಓಟವೂ ಬೇಡ.

ನೀರಿಗೆ ಇಳಿಸುವುದಾದರೆ ಕೆರೆಯ ಇಳಿಜಾರು ದಡದಲ್ಲಿ, ನೀವೂ ಇಳಿದು. ಕೃಷಿ ಹೊಂಡಕ್ಕೆ ಮಾತ್ರ ಹತ್ತಿರ ಬಿಡಬೇಡಿ. ಹಾಸಿದ ಪ್ಲಾಸ್ಟಿಕ್ ಜಾರುತ್ತದೆ, ಎಂಥ ಈಜುಗಾರ ನಾಯಿಯೂ ಮೇಲೆ ಹತ್ತಲಾರದೆ ಸುಸ್ತಾಗಿ ಮುಳುಗುತ್ತದೆ. ಸುತ್ತ ಬೇಲಿ, ಜೊತೆಗೆ ಒಳಗೆ ಹಳೆ ಟೈರುಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ ನಾಯಿಗೂ ಆಯಿತು, ಕಾಲು ಜಾರಿದ ಮನುಷ್ಯರಿಗೂ ಆಯಿತು.

ಮರಿ ಆರಿಸುವ ದಿನ ತಾಯಿಯನ್ನು ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ. ತಾಯಿ ಹೆದರುಪುಕ್ಕಲಾದರೆ ಮರಿಯೂ ಹಾಗೇ ಇರುವುದು ಜಾಸ್ತಿ. ಒಂದು ಬೀಗದಕೈ ಗೊಂಚಲು ನೆಲಕ್ಕೆ ಬೀಳಿಸಿ: ಬೆಚ್ಚಿದರೂ ಆಮೇಲೆ ಮೂಸಲು ಬರುವ ಮರಿ ಒಳ್ಳೆಯದು, ಮೂಲೆ ಸೇರಿ ಹೊರಬರದ್ದು ಬೇಡ. ಕೋಲಿಗೆ ದಾರ, ದಾರಕ್ಕೆ ಗರಿ ಕಟ್ಟಿ ಆಡಿಸಿದರೆ ಹುಮ್ಮಸ್ಸು ತಿಳಿಯುತ್ತದೆ. ನಾಲ್ಕು ಹೆಜ್ಜೆ ನಡೆದು ಹೋಗಿ, ನಿಮ್ಮ ಹಿಂದೆ ಬರುವುದು ಯಾವುದು ನೋಡಿ.

ಅಕ್ಕನ ಮಗನಿಗೆ ಇಷ್ಟೂ ಹೇಳಿದೆ. ಐದೂವರೆಗೆ ಏಳುವವರು ಯಾರು ಅಂತ ಮನೆಯಲ್ಲಿ ಕೇಳಿದನಂತೆ. ಅವನ ಹೆಂಡತಿ ಅವನ ಮುಖವನ್ನೇ ನೋಡಿದಳಂತೆ. ಪಾಯಿಂಟರ್ ಸದ್ಯಕ್ಕೆ ಕೈಬಿಟ್ಟಿದ್ದಾನೆ. ಬರಗೂರಿನ ಕಡೆ ಒಂದು ಹಟ್ಟಿಯಲ್ಲಿ ಆರು ಊರ ಮರಿಗಳಿವೆ, ಎಂಟು ವಾರ ತುಂಬಿದೆ ಅಂತ ಗೊತ್ತಾಗಿದೆ, ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ. ಗರಿ ಕಟ್ಟಿದ ದಾರ ಈಗಲೇ ಬೈಕಿನ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದಾನೆ.